ಕಣಕಿ ಬೆಂಡಿನ ಕಾನ್ಕಾರ್ಡ್

ಗಂಡನ ಹೆಸರು ಬಾಯಿಂದ ಹೇಳಬಾರ್ದು ಅಂತ ನಮ್ಮ ಅತ್ತಿ ಕಲಿಸಿದ್ಲು. ಆಕಿ ಹೋಗಿ ಹನ್ನೊಂದು ವರ್ಷ ಆಯ್ತು, ಇನ್ನ ಯಾರಿಗಿ ಅಂಜಬೇಕು? ಹೇಳ್ತೀನಿ: ಸಿದ್ದರಾಮ. ವಯಸ್ಸು ಐವತ್ತೈದು. ಊರು ಮರಾಠಿ ಗಡ್ಯಾಗಿನ ಔರಾದ ಶಹಾಜನಿಯಿಂದ ನಾಕು ಮೈಲ. ಮೂರು ಎಕರೆ ಹೊಲ, ಎರಡು ದನ, ಹದಿನೆಂಟು ಕುರಿ, ಅತ್ತಿ ಬಿಟ್ಟು ಹೋದ ಒಂದು ಮುರುಕ ಕಂಬಳಿ ಮಗ್ಗ. ಜಲಮದಾಗ ವಿಮಾನ ಹತ್ತಿಲ್ಲ, ವಿಮಾನ ನಿಲ್ಲೋ ಜಾಗಾನೂ ಕಂಡಿಲ್ಲ. ಲಾತೂರ ದಾಟಿ ಹೋದದ್ದು ಎರಡು ಸಲ, ಅದೂ ಕುರಿ ಹಿಂದ. ಅಂಥಾ ಮನಷ್ಯಾ ಆರು ತಿಂಗಳ ಕುಂತು ಕಾನ್ಕಾರ್ಡ್ ಅನ್ನೋ ವಿಮಾನದ ಮಾದರಿ ಕಟ್ಟಿದ್ರು. ಯಾಕ ಕಟ್ಟಿದ್ರು ಅಂತ ಊರಾಗ ಹತ್ತು ಮಂದಿ ಹತ್ತು ಮಾತಾಡ್ತಾರ. ಖರೇ ಕಾರಣ ನನಗ ಗೊತ್ತು. ನಾ ಹೇಳ್ತೀನಿ, ನಡಕ ಬಾಯಿ ಹಾಕಬ್ಯಾಡ್ರಿ.

ನಮಗಿಬ್ಬರು ಮಕ್ಕಳು. ಮಗ ರವಿಕಾಂತ ಟೆಂಪೋ ಓಡಿಸ್ತಾನ, ನಮ್ಮ ಜೋಡೀನೇ ಇರ್ತಾನ. ಹಿರೇಕಿ ವಿಜಯಶ್ರೀ. ಈಕಿ ಸಣ್ಣಾಕಿ ಇದ್ದಾಗ ಇವರು ಕಣಕಿಲಿಂದ ಬಂಡಿ ಮಾಡಿ ಕೊಡ್ತಿದ್ರು. ಜ್ವಾಳದ ದಂಟಿನ ಮ್ಯಾಲಿನ ಸಿಪ್ಪಿ ಸುಲದು, ಒಳಗಿನ ಬಿಳೇ ಬೆಂಡು ತುಂಡು ಮಾಡಿ, ಜಾಲಿ ಮುಳ್ಳ ಚುಚ್ಚಿ ಜೋಡಿಸೂದು. ನಮ್ಮ ಕಡಿ ಕುರಿ ಕಾಯೋ ಗಂಡಸರಿಗಿ ಇದೆಲ್ಲಾ ಬರ್ತದ, ದಿನಾ ಅಡವ್ಯಾಗ ಕುಂತು ಮತ್ತೇನು ಮಾಡ್ಯಾರು? ಉಳದ ಹುಡುಗೂರಿಗಿ ಎತ್ತಿನ ಬಂಡಿ ಸಾಕಾಗ್ತಿತ್ತು. ಈಕಿಗಿ ಮಾತ್ರ ವಿಮಾನಾನೇ ಬೇಕು. ಇವರು ಎರಡು ದಂಟ ಅಡ್ಡಾ ಕಟ್ಟಿ ಕೊಟ್ರ, "ಅಪ್ಪಾ, ಇದು ವಿಮಾನಲ್ಲ, ಇದು ಬೆದರಬೊಂಬಿ" ಅಂತ ಒಗೀತಿದ್ಲು ಖೋಡಿ!

ಒಂಬತ್ತನೇತ್ತ್ಯಾಗ ಇದ್ದಾಗ ಪೇಪರದಾಗಿನ ಚಿತ್ರಾ ಒಂದು ಕತ್ತರಿಸಿ ಮಗ್ಗದ ಕಂಬಕ್ಕ ಹಚ್ಚಿದ್ಲು. ಬೆಳ್ಳನ ಉದ್ದಾನ ವಿಮಾನ, ಕೊಕ್ಕರಿ ಮೂಗು. "ಅಪ್ಪಾ, ಇದು ಕಾನ್ಕಾರ್ಡ್. ಸಪ್ಪಳಕ್ಕಿಂತ ಜೋರು ಓಡ್ತಿತ್ತು. ನೂರು ಮಂದೀನ ಕುಂದರಿಸಿಕೊಂಡು ಸಮುದ್ರ ದಾಟತಿತ್ತು." ಇವರು ಕುರಿ ಉಣ್ಣಿ ಕತ್ತರಿಸಕೋತ ಕೇಳ್ತಿದ್ರು: "ಸಪ್ಪಳಕ್ಕಿಂತ ಜೋರು ಬಂದ್ರ, ಬಂತು ಅಂತ ಯಾರಿಗಿ ಗೊತ್ತಾಗ್ಬೇಕವ್ವಾ?" ಅಪ್ಪಾ ಮಗಳು ಬಿದ್ದು ಬಿದ್ದು ನಗೋರು. ಇಳಿಯೂಮುಂದ ಅದರ ಮೂಗು ಕೆಳಗ ಬಾಗ್ತದಂತ, ಇಲ್ಲಂದ್ರ ನಡಸಾಂವಗ ನೆಲ ಕಾಣಲ್ಲಂತ. ಆಕಿ ಹುಟ್ಟಿ ಏಳೆಂಟು ವರ್ಷಕ್ಕ ಆ ವಿಮಾನ ಹಾರೂದೇ ಬಂದ್ ಆಯ್ತಂತ. ಎಲ್ಲಾ ಆಕಿ ಹೇಳಿದ್ದು. ನಾ ಮರತಿದ್ದೆ, ಇವರು ಮರತಿದ್ದಿಲ್ಲ.

ಹನ್ನೆರಡನೇತ್ತಿ ಪಾಸಾದ ಮ್ಯಾಲ ನಮ್ಮೂರ ಸಾಲಿ ವಿರೂಪಾಕ್ಷ ಮಾಸ್ತರ ಕಡಿಂದ ಅರ್ಜಿ ಬರಿಸಿ ಹಾಕಿದ್ಲು, ಪುಣೆದಾಗ ವಿಮಾನ ದುರಸ್ತಿ ಕಲಿಸೋ ಸಾಲಿಗಿ. ಪತ್ರ ಬಂತು, ಜಾಗಾ ಸಿಕ್ಕದ ಅಂತ. ಅದೇ ವಾರದಾಗ ಉದಗೀರದಿಂದ ಆಕಿಗಿ ಲಗ್ನದ ಸ್ಥಳಾನೂ ಬಂತು. ಹುಡುಗ ವೈಜನಾಥ, ಬ್ಯಾಳಿ ಮಿಲ್ಲಿನಾಗ ಮಶಿನ್ ನೋಡ್ತಾನ, ಒಳ್ಳೇ ಮನಿತನ. ನಮ್ಮ ಭಾವಕಿ, ಅಂದ್ರ ಅಣ್ಣತಮ್ಮಂದಿರ ಮನಿತನದ ಹಿರೇರು ಬಂದು ಪಡಸಾಲ್ಯಾಗ ಕುಂತ್ರು. "ಕುರಿ ಕಾಯೋ ಧನಗರ ಹುಡುಗಿ ಪುಣೆಗಿ ಹೋಗಿ ಪಾನಾ ಹಿಡದು ನಟ್ ತಿರುವತಾಳೇನೋ ಸಿದ್ದಾ?" ಅಂತ ನಕ್ಕರು. ಇವರು ನಾಕು ಮಂದಿ ಎದುರಿಗಿ ಇಲ್ಲ ಅಂದ ಮನಷ್ಯಾನೇ ಅಲ್ಲ. ಕುರಿ ಎದುರಿಗಿ ಅಷ್ಟೇ ಬಾಯಿ.

ಆ ಪತ್ರದ ಲಕೋಟಿ ಇವರ ಕೈಲಿಂದ ಸಂದೂಕದಾಗ ಕಂಬಳಿ ಕೆಳಗ ಹೋಯ್ತು. ಮಗಳು ದಿನಾ ಕೇಳ್ತಿದ್ಲು, "ಪತ್ರ ಬಂತೇನಪ್ಪಾ?" ಇವರು, "ಇಲ್ಲವ್ವಾ, ಇನ್ನಾ ಬಂದಿಲ್ಲ." ನಾ ಬಾಜೂಕ್ಕ ಕುಂತು ರೊಟ್ಟಿ ಬಡೀತಿದ್ದೆ. ಸಂದೂಕದ ಕೀಲಿ ನನ್ನ ಸೊಂಟದಾಗ ಇತ್ತು. ನಾನೂ ಬಾಯಿ ಬಿಡಲಿಲ್ಲ. ಹೇಳೂದು ಅಂದ ಮ್ಯಾಲ ಇದೂ ಹೇಳಬೇಕಲ್ಲ.

ಲಗ್ನ ಆಯ್ತು. ಲಗ್ನಾಗಿ ಮೊದಲನೇ ಸಲ ತವರಿಗಿ ಬಂದಾಗ, ಅತ್ತೀಮನಿಗಿ ಒಯ್ಯಾಕ ಒಂದು ಕಂಬಳಿ ಬೇಕಂತ ಆಕಿನೇ ಸಂದೂಕ ತೆಗದಳು. ನಿಂತ ನಿಂತಲ್ಲೇ ಓದಿದಳು. ಅಳಲಿಲ್ಲ, ಚೀರಲಿಲ್ಲ. ಹೊರಗ ಬಂದು ಅಪ್ಪನ ಮುಂದ ಲಕೋಟಿ ಹಿಡದು, "ಬಂದಿತ್ತಲ್ಲ?" ಅಂದ್ಲು. ಇವರು ನೆಲಾ ನೋಡಿದ್ರು. "ಈ ಮನಿ ಹೊಸ್ತಿಲಾ ಇನ್ನ ನಾ ತುಳಿಯಾಂಗಿಲ್ಲ" ಅಂತ ಅಂದಾಕಿ ಅವತ್ತೇ ಚೀಲಾ ತೊಗೊಂಡು ಗಾಡಿ ಹತ್ತಿದಳು.

ಸಿಟ್ಟು ನಾಕು ದಿನದ್ದು ಅಂತ ನಾವಂದುಕೊಂಡಿವಿ. ಎಂಟು ವರ್ಷ ಹೋದ್ವು! ಪಂಚಮಿಗಿ ಕರದಿವಿ, ಬರಲಿಲ್ಲ. ಚೊಚ್ಚಲ ಬಾಣಂತನ ತವರಮನಿಯಾಗ ಆಗೂದು ನಮ್ಮ ಪದ್ಧತಿ. ಅದಕ್ಕೂ ಬರಲಿಲ್ಲ, ಉದಗೀರದಾಗೇ ಹಡದಳು. ಮೊಮ್ಮಗಳು ಪ್ರಣಿತಾನ ಜಾವಳಕ್ಕ ಸ್ವಾದರಮಾವ ಬೇಕಲ್ಲ, ಅದಕ್ಕ ರವಿಕಾಂತಗ ಹೇಳಿ ಕಳಿಸಿದಳು. ನಾವೂ ಹೋದಿವಿ. ಬೀರಪ್ಪನ ಗುಡಿ ಮುಂದ ರವಿಕಾಂತನ ತೊಡಿ ಮ್ಯಾಲ ಕೂಸಿನ ತಲಿ ಬೋಳಿಸಿದ್ರು, ಇವರು ಬೇವಿನ ಗಿಡದ ಕೆಳಗ ದೂರ ನಿಂತು ನೋಡಿದ್ರು. ನೋಡಿದ್ದು ಅದೊಂದೇ ಸಲ. ಮುಂದ ನನಗಷ್ಟು ತಿಂಗಳಿಗಿ ಎರಡು ಸಲ ಫೋನ್ ಮಾಡ್ತಿದ್ಲು. ನಂದು ಬಟನ್ ಫೋನು, ಅದರಾಗ ಮಾರಿ ಕಾಣಲ್ಲ. ಇವರು ಬಾಜೂಕ್ಕ ಬಂದದ್ದು ತಿಳೀತಂದ್ರ "ಆಯಿ, ಇಡ್ತೀನಿ" ಅಂತಿದ್ಲು.

ನಾ ಇವರಿಗಿ ಬೈದದ್ದು ಎಷ್ಟು! "ತಪ್ಪಾಯ್ತವ್ವಾ ಅಂತ ಒಂದು ಮಾತು ಅನ್ರಿ. ನಿಮ್ಮ ಗಂಟಲಾಗೇನು ಬೆಣಚಕಲ್ಲ ಸಿಕ್ಕದ?" ಒಂದಿನ ಜಬರದಸ್ತಿ ಫೋನ್ ಕಿವಿಗಿ ಹಿಡದೆ. ಆ ಕಡಿ ಮಗಳು ಫೋನ್ ಇಡಲಿಲ್ಲ. ಇವರು ಕಡೀಕ "ಎರಡು ಕುರಿ ಈದಾವ" ಅಂತಂದು ಫೋನ್ ನನ್ನ ಕೈಯಾಗ ಕೊಟ್ಟು ಹೊರಗ ಹೋದ್ರು. ನಗಬೇಕೋ ಅಳಬೇಕೋ ನೀವೇ ಹೇಳ್ರಿ.

ಹ್ವಾದ ವರ್ಷದ ಹಿಂದಿನ ವರ್ಷ ಹಿಂಗಾರಿ ಜ್ವಾಳ ಕೊಯ್ದ ಮ್ಯಾಲ ಒಳ್ಳೊಳ್ಳೇ ದಂಟು ಆರಿಸಿ ಬ್ಯಾರೆ ಕಟ್ಟಿಟ್ರು. ದನಕ್ಕ ಹಾಕಾಕ ಹೋದ್ರ "ಮುಟ್ಟಬ್ಯಾಡ" ಅಂದ್ರು. ಯಾಕ? "ವಿಜಯಾಗ." ಇಷ್ಟೇ ಮಾತು. ಎರಡು ದಿನ ಬಿಟ್ಟು ಮಗ್ಗದ ಕಂಬದಾಗಿನ ಆ ಹಳೇ ಚಿತ್ರಾ ಬಿಡಿಸಿಕೊಂಡು ವಿರೂಪಾಕ್ಷ ಮಾಸ್ತರ ಕಡಿ ಹೋದ್ರು. ಮಾಸ್ತರರು ಪಾಪ, ಅರ್ಜಿ ಬರದು ಕೊಟ್ಟಾಂವರೇ ಅವರು, ಎಲ್ಲಾ ಗೊತ್ತಿದ್ರೂ ಒಂದು ಮಾತು ಆಡಲಿಲ್ಲ. ಮ್ಯಾಲಿಂದ, ಬಾಜೂಲಿಂದ, ಎದುರಿಂದ ಹ್ಯಾಂಗ ಕಾಣ್ತದ ಅಂತ ಮೂರು ನಕಾಶಾ ತೆಗದು ಕೊಟ್ರು. ಐವತ್ತಕ್ಕ ಒಂದು ಪಾಲು ಹಿಡದ್ರ ಉದ್ದ ಒಂದು ಮೀಟರ ಇಪ್ಪತ್ನಾಕು ಸೆಂಟಿ ಆಗ್ತದ ಅಂತ ಲೆಕ್ಕಾನೂ ಬರದ್ರು. ಇವರಿಗಿ ಸೆಂಟಿ ಗಿಂಟಿ ತಿಳೀಲಿಲ್ಲ. ಆ ಉದ್ದಕ್ಕ ಒಂದು ದಾರ ಕತ್ತರಿಸಿಕೊಂಡು ಬಂದ್ರು, ಮಡಚಿ ಮಡಚಿ ಗಂಟ ಹಾಕಿ ಅದೇ ಅಳತಿ ಮಾಡಿಕೊಂಡ್ರು.

ಆಮ್ಯಾಲ ನೋಡ್ರಿ ಹುಚ್ಚು. ಬೆಳಗಾದ್ರ ಕುರಿ ರವಿಕಾಂತಗ ಇಲ್ಲಾ ನನಗ, ಇವರು ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟು ಕುಂತ್ರಂದ್ರ ಉಣ್ಣಾಕ ಮೂರು ಸಲ ಕರೀಬೇಕು. ದಂಟು ಸುಲಿಯೂದು, ಬೆಂಡು ಬ್ಲೇಡಿಲಿಂದ ಹೆರಿಯೂದು, ದಾರ ಹಿಡದು ಅಳಿಯೂದು. ಸಿಪ್ಪಿಲಿಂದ ಒಳಗಿನ ಎಲುವು, ಬೆಂಡಿಲಿಂದ ಮೈ. ಅಂಟಿಗಿ ಏನು ಮಾಡ್ತೀರಿ ಅಂದ್ರ ನಮ್ಮ ಮನೀದೇ ಖಳ. ಹುಣಸಿ ಬೀಜ ಹುರದು, ಬೀಸಿ, ನೀರಾಗ ಕುದಿಸಿದ್ರ ಗಂಜಿ ಹಂಗ ಆಗ್ತದ, ಅದನ್ನ ಖಳ ಅಂತೀವಿ. ಕಂಬಳಿ ನೂಲಿಗಿ ತಲಿತಲಾಂತರದಿಂದ ಅದನ್ನೇ ಹಚ್ಚತೀವಿ, ಒಣಗಿದ್ರ ಕಲ್ಲ ಆಗ್ತದ. "ಅಂಗಡ್ಯಾಗಿನ ಅಂಟು ತರ್ರಿ, ಮಾಸ್ತರರು ಹೇಳ್ಯಾರಲ್ಲ" ಅಂದೆ. "ಬ್ಯಾಡ. ಅದು ಘಾಟ ವಾಸನಿ" ಅಂದ್ರು. ನಮ್ಮ ಅತ್ತಿ ನೇದ ಕಂಬಳಿ ನಲವತ್ತು ವರ್ಷ ಆದ್ರೂ ಗಟ್ಟಿ ಅವ, ಇವರು ಹೇಳೂದು ಸುಳ್ಳೇನಲ್ಲ ಅಂತ ನಾನೂ ಸುಮ್ಮಾದೆ.

ಮೂಗಿಗಿ ಒಂದು ತಿಂಗಳ ಹಿಡೀತು. ಒಂದೂವರಿ ಬೊಟ್ಟಿನ ಮೂಗು! ಜಾಲಿ ಮುಳ್ಳಿನ ಕೀಲು ಹಾಕಿ ಬಾಗಬೇಕು, ಬಾಗಿದ್ದು ಮತ್ತ ಎದ್ದು ನಿಲ್ಲಬೇಕು. ಹನ್ನೆರಡು ಮೂಗು ಮಾಡಿ ಮುರದ್ರು. ಮಂದಿ ಬಾಗಲಾಗ ನಿಂತು, "ಏನೋ ಸಿದ್ದಾ, ಕುರಿ ಎಲ್ಲಾ ಒಳಗ ಹಿಡೀತಾವೇನೋ? ಯಾವಾಗ ಹಾರಸ್ತಿ?" ಅಂತ ಆಡಕೋತಿದ್ರು. ಇವರು ತಲಿ ಎತ್ತತಿದ್ದಿಲ್ಲ. ಗಣಪತಿ ಹಬ್ಬ ಬರೂದ್ರಾಗ ಬಿಳೇ ಬಣ್ಣಾ ಹಚ್ಚಿ ಮುಗಿಸಿದ್ರು. ಬಾಜೂಕ್ಕ ಮಾಸ್ತರರ ಕಡಿಂದ ಮರಾಠಿ ಅಕ್ಷರದಾಗ ಮಗಳ ಹೆಸರು ಬರಿಸಿದ್ರು. ನಾ ಅಲ್ಲೀಮಟಾ ಬೈಕೋತ ಬಂದಾಕಿ, ಅವತ್ತ ನೋಡಿ ಬಾಯಿ ಮ್ಯಾಲ ಸೆರಗ ಇಟ್ಟುಕೊಂಡೆ. ಎಷ್ಟು ಚಂದ ಇತ್ತಂದ್ರ, ನನ್ನ ಕಣ್ಣೇ ಹತ್ತೀತು ಅಂತ ಅಂಜಿಕಿ ಬಂತು.

ಮಾಸ್ತರರು ಫೋಟೋ ತೆಗದು ಮಗಳ ಫೋನಿಗಿ ಕಳಿಸಿದ್ರು. ಎರಡು ದಿನ ಏನೂ ಇಲ್ಲ. ಮೂರನೇ ದಿನ ನನಗ ಫೋನ್ ಬಂತು.

"ಆಯಿ, ಅದರ ಮೂಗು ಬಾಗ್ತದೇನು?"

"ಬಾಗ್ತದವ್ವಾ. ಎದ್ದೂ ನಿಲ್ತದ."

 ಆಮ್ಯಾಲ, "ಎಳ್ಳ ಅಮಾಸಿಗಿ ಬರ್ತೀನಿ. ಪ್ರಣಿತಾನೂ ಕರಕೊಂಡು ಬರ್ತೀನಿ. ನೋಡಿ, ಹೊಲದಾಗ ಉಂಡು, ಐದರ ಗಾಡಿಗಿ ಹೋಗ್ತೀನಿ. ಉಳಿಯಾಂಗಿಲ್ಲ" ಅಂದ್ಲು. ನಾ ಓಡಿ ಹೋಗಿ ಹೇಳಿದೆ. ಇವರು ಕೈಯಾಗಿನ ಬುಟ್ಟಿ ಕೆಳಗ ಇಟ್ರು, ಮತ್ತ ಎತ್ತಿದ್ರು, ಮತ್ತ ಇಟ್ರು. ನಮ್ಮ ಕಡಿ ಎಳ್ಳ ಅಮಾಸಿ ಅಂದ್ರ ಊರಿಗಿ ಊರೇ ಖಾಲಿ ಆಗಿ ಹೊಲದಾಗ ಕುಂತು ಉಣ್ಣೋ ಹಬ್ಬ, ಡಿಸೆಂಬರ ಕಡೀಗಿ ಬರ್ತದ. ಇನ್ನಾ ಮೂರು ತಿಂಗಳ ಇತ್ತು.

ದೀಪಾವಳಿ ಸಾರಸೂಮುಂದ ವಿಮಾನದ ಕೆಳಗ ನೆಲದ ಮ್ಯಾಲ ಹಳದಿ ಹಿಟ್ಟು ಕಂಡೆ, ಚಿಟಿಕಿಯಷ್ಟು. ಬಳದು ಒಗದೆ. ಮರುದಿನ ಮತ್ತ ಇತ್ತು. ಕರದು ತೋರಿಸಿದೆ. ಇವರು ಬೊಟ್ಟಿಲೆ ಮುಟ್ಟಿ ನೋಡಿದ್ರು, ಮೂಸಿದ್ರು, ವಿಮಾನದ ಹೊಟ್ಟಿಗಿ ಕಿವಿ ಹಚ್ಚಿದ್ರು. ಹಚ್ಚಿ ಹಂಗೇ ನಿಂತ್ರು. "ಏನ್ರೀ?" ಅಂದೆ. "ನುಸಿ" ಅಂದ್ರು. ನಾನೂ ಕಿವಿ ಹಚ್ಚಿದೆ. ಖರೇ, ಒಳಗ ಕರ್ ಕರ್ ಅಂತ ಕಡಿಯೂದು ಕೇಳ್ತಿತ್ತು. 

ಏನು ಮಾಡೂದು ಹೇಳ್ರಿ? ಬಿಸಲಿಗಿ ಇಟ್ಟಿವಿ, ಬಣ್ಣಾ ಬಿರಕು ಬಿಡ್ತು, ತಿರುಗಿ ಒಳಗ ತಂದಿವಿ. ಬೇವಿನ ತಪ್ಪಲಾ ಸುತ್ತಾ ಹಾಸಿದಿವಿ. ಹೊಗಿ ಹಾಕಿದಿವಿ. ಮ್ಯಾಲ ಬಣ್ಣದ ಪದರ ಗಟ್ಟಿ, ಒಳಗ ಏನೂ ಮುಟ್ಟಲ್ಲ. ಕಾಳಿನಾಗ ಇಡೋ ಗುಳಿಗಿ ತರ್ತೀನಿ ಅಂದ ರವಿಕಾಂತ. "ಮನಿಯಾಗ ಆ ವಿಷ ಬ್ಯಾಡ" ಅಂತ ಇವರು ಆವತ್ತೊಂದಿನ ಚೀರಿದ್ರು. ಒಡದು ನೋಡ್ಬೇಕಂದ್ರ ಆರು ತಿಂಗಳಿನ ಕೆಲಸ ಒಡೀಬೇಕು. ಹೊಸಾದು ಕಟ್ಟಬೇಕಂದ್ರ ಹೊಲದಾಗ ಜ್ವಾಳ ಇನ್ನಾ ಮೊಣಕಾಲುದ್ದ, ಹಳೇ ಕಣಕಿ ದನದ ಹೊಟ್ಟ್ಯಾಗ. ನಾ ತಾಳ ತಪ್ಪಿ ಒದರಿದೆ: "ಎಂಥಾ ಖಳ ಕುದಿಸಿದ್ರಿ ನೀವು? ನಿಮ್ಮವ್ವನ ಕಂಬಳಿಗಿ ಎಂದರ ಹುಳ ಬಿದ್ದದೇನು?" ಇವರು ಬೇವಿನ ತಪ್ಪಲಾ ಸರಿ ಮಾಡಕೋತ ಕುಂತ್ರು.

"ಹೋಗ್ಲಿ, ಆಕಿಗಿ ಈಗ ಬರಬ್ಯಾಡ ಅಂತ ಹೇಳೂಣು. ಹೊಸಾ ದಂಟು ಬರ್ಲಿ, ಮತ್ತೊಂದು ಮಾಡ್ರಿ, ಆವಾಗ ಕರೆಯೂಣು" ಅಂದೆ. ಇವರು ನನ್ನ ಮಾರಿ ನೋಡಿದ್ರು. "ಎಂಟು ವರ್ಷಕ್ಕ ಬರ್ತೀನಿ ಅಂದಾಳ. ಬ್ಯಾಡ ಅಂದ್ರ ಮತ್ತ ಬರ್ತಾಳೇನು?" ಅಂದ್ರು.  ಅವತ್ತಿನಿಂದ ದಿನಾ ಮುಂಜಾನೆ ಇವರೇ ಎದ್ದು ಆ ಹಿಟ್ಟು ಬಳೀತಿದ್ರು. ಮೊದಲ ಚಿಟಿಕಿ, ಆಮ್ಯಾಲ ಚಮಚಾ, ಆಮ್ಯಾಲ ಮುಷ್ಟಿ. ಮ್ಯಾಲ ನೋಡಿದ್ರ ವಿಮಾನ ಹಂಗೇ ಬೆಳ್ಳಗ, ನೆಟ್ಟಗ. "ಯಾರೂ ಮುಟ್ಟಲಿಲ್ಲಂದ್ರ ಅವತ್ತಿನ ಮಟಾ ನಿಲ್ತದ" ಅಂತಿದ್ರು. ಬೀರಪ್ಪಗ ಭಂಡಾರಾ ಹರಕಿ ಹೊತ್ತರು. ಬ್ಯಾರೆ ಏನು ಕೈಯಾಗಿತ್ತು ಅವರದು?

ಅಮಾಸಿ ದಿನ ಹತ್ತರ ಸುಮಾರಿಗಿ ಬಂದಳು. ಹೊಸ್ತಿಲದ ಮುಂದ ಬಂದು ನಿಂತಳು. ಒಂದು ಉಸಿರು ಎಳಕೊಂಡು ದಾಟಿ ಒಳಗ ಬಂದಳು. ಹಿಂದ ಪ್ರಣಿತಾ, ಎರಡು ಜಡಿ, ಕೆಂಪು ರಿಬ್ಬನ್, ಕಾಲಾಗ ಬೂಟು. ಇವರು ವಿಮಾನದ ಬಾಜೂಕ್ಕ ಮಗ್ಗದ ಕಂಬ ಹಿಡದು ನಿಂತಿದ್ರು, ಹೊಸಾ ಧೋತರಾ ಉಟ್ಟುಕೊಂಡು. ಮಗಳು ಅಪ್ಪನ್ನ ನೋಡಲಿಲ್ಲ, ವಿಮಾನ ನೋಡಿದಳು. ಪ್ರಣಿತಾ ಮುಂದ ಬಂದು ಬಾಜೂದಾಗಿನ ಅಕ್ಷರದ ಮ್ಯಾಲ ಬೊಟ್ಟ ಆಡಿಸಿ, "ವಿ-ಜ-ಯ-ಶ್ರೀ... ಮಮ್ಮೀ, ನಿನ್ನ ಹೆಸರು!" ಅಂತ ಓದಿದಳು.

ವಿಜಯಶ್ರೀ ಮೂಗಿಗಿ ಕೈ ಹಚ್ಚಿದಳು, ಮೆಲ್ಲಗ ಒತ್ತಿದಳು. ಬಾಗ್ತು. ಆಕಿ ಮಾರಿ ಮ್ಯಾಲ, ಖರೇ ಹೇಳ್ತೀನ್ರಿ, ಒಂಬತ್ತನೇತ್ತಿ ಹುಡುಗಿ ಕಂಡಳು ನನಗ. ಖುಷಿಯಾಗಿ, ನಾವು ಬ್ಯಾಡ ಅನ್ನೂದ್ರಾಗ, ಕೆಳಗ ಎರಡೂ ಕೈ ಹಾಕಿ ಎತ್ತಿಬಿಟ್ಟಳು.

ಸಪ್ಪಳಾನೂ ಆಗಲಿಲ್ಲ. ನಡಕ ಮುರದು ರೆಕ್ಕಿ ಒಂದು ಕಡಿ, ಬಾಲ ಒಂದು ಕಡಿ ಬಿತ್ತು. ಒಳಗ ಬೆಂಡೇ ಇದ್ದಿದ್ದಿಲ್ಲ. ಹಳದಿ ಹಿಟ್ಟು ಆಕಿ ಸೀರಿ ಮ್ಯಾಲ, ಪ್ರಣಿತಾನ ಬೂಟಿನ ಮ್ಯಾಲ ಸುರೀತು, ಅದರಾಗ ಕರೇ ಹುಳ ಹರದಾಡ್ತಿದ್ವು. ಆಕಿ ಕೈಯಾಗ ಬಣ್ಣದ ಬರೇ ಸಿಪ್ಪಿ ಉಳೀತು. ಇವರ ಕೈ ಹಿಡೀಲಿಕ್ಕಂತ ಮುಂದ ಬಂದದ್ದು ಹಂಗೇ ಗಾಳ್ಯಾಗ ನಿಂತಿತ್ತು. ನಾ ಅಯ್ಯೋ ಬೀರಪ್ಪಾ ಅಂತ ಕುಂತುಬಿಟ್ಟೆ. ಈಗರ ಅಂತಾರ, ಈಗರ "ತಪ್ಪಾಯ್ತವ್ವಾ" ಅಂತಾರ ಅಂತ ನಾ ಇವರ ಬಾಯೇ ನೋಡ್ತಿದ್ದೆ. ಇವರು ಬೊಗ್ಗಿ ಬಾಲ ಎತ್ತಿಕೊಂಡ್ರು, ಅಷ್ಟೇ.

ಮಗಳು ಹಿಟ್ಟು ಬೊಟ್ಟಿನಾಗ ತಿಕ್ಕಿ ನೋಡಿದಳು. ಸಣ್ಣಾಕಿ ಇದ್ದಾಗ ಅಜ್ಜಿ ಜೋಡಿ ಕುಂತು ಹುಣಸಿ ಬೀಜ ಬೀಸಿದಾಕಿ ಆಕಿ. "ಅಪ್ಪಾ, ಖಳದಾಗ ಮೋರಚೂದ ಹಾಕಿಲ್ಲೇನು?" ಅಂದ್ಲು. ಎಂಟು ವರ್ಷಕ್ಕ ಅಪ್ಪಗ ಆಡಿದ ಮೊದಲನೇ ಮಾತು ಅದು. ಮೋರಚೂದ ಅಂದ್ರ ಮೈಲುತುತ್ತ, ನೀಲಿ ಹಳಕು, ವಿಷ ಅದು. ಖಳ ಕುದಿಯೂಮುಂದ ಒಂದು ಚಿಟಿಕಿ ಬೀಳ್ಬೇಕು, ಇಲ್ಲಂದ್ರ ಹುಳ ಬೀಳ್ತಾವ. ಕಂಬಳಿ ನೇಯೋ ಮನಿಯಾಗ ಎಳೇ ಹುಡುಗೂರಿಗೂ ಗೊತ್ತಿದ್ದ ಮಾತು. ನಾ ಇವರು ಹಾಕ್ಯಾರ ಅಂತಲೇ ತಿಳದಿದ್ದೆ.

"ಹಾಕಲಿಲ್ಲ" ಅಂದ್ರು ಇವರು.

"ಗೊತ್ತಿತ್ತಲ್ಲಪ್ಪಾ ನಿಮಗ!"

"ಗೊತ್ತಿತ್ತು. ನಿನ್ನ ಕೂಸು ಬಾಯಾಗ ಇಟ್ಕೊಂಡ್ರ ಅಂತ... ಕೂಸುಗೋಳು ಎಲ್ಲಾ ಬಾಯಾಗ ಇಟ್ಕೋತಾವಲ್ಲವ್ವಾ. ಅದಕ್ಕ ಹಾಕಲಿಲ್ಲ."

ವಿಜಯಶ್ರೀ ಕೈಯಾಗಿನ ಸಿಪ್ಪಿ ಕೆಳಗ ಇಟ್ಟಳು. ಸಿಟ್ಟಿನ ದನಿ ಅಲ್ಲ, ಅಳೂ ದನೀನೂ ಅಲ್ಲ, "ಅಪ್ಪಾ, ಆಕಿಗಿ ಆರು ವರ್ಷ. ಸಾಲಿಗಿ ಹೋಗ್ತಾಳ. ಬಾಯಾಗ ಏನೂ ಇಟ್ಕೊಳ್ಳಲ್ಲ" ಅಂದ್ಲು. ಅಂದು ಗ್ವಾಡಿ ಕಡಿ ತಿರುಗಿ ನಿಂತಳು.

ಇವರು ಪ್ರಣಿತಾನ್ನ ನೋಡಿದ್ರು. ಹುಡುಗಿ ಹೆದರಿ ಅವ್ವನ ಸೆರಗ ಹಿಡಕೊಂಡಿದ್ಲು, ಬಾಯಿ ತೆರದಿತ್ತು, ಮುಂದಿನ ಎರಡು ಹಲ್ಲು ಇದ್ದಿದ್ದಿಲ್ಲ.

"ಯಾವಾಗ ಬಿದ್ವವ್ವಾ ಹಲ್ಲು?" ಅಂದ್ರು.

"ಒಂದು ಗಣಪತಿಗಿ ಬಿತ್ತು, ಒಂದು ದಸರಾಕ್ಕ" ಅಂದಳು ಹುಡುಗಿ.

ಐದರ ಗಾಡಿಗಿ ಹೋಗ್ತೀನಿ ಅಂದಿದ್ಲು, ಐದರ ಗಾಡಿಗೇ ಹೋದಳು. ಹೊಲದಾಗ ಉಂಡಳು, ನನ್ನ ಜೋಡಿ ನಾಕು ಮಾತಾಡಿದಳು, ಅಪ್ಪನ ತಾಟಿಗಿ ತಾನೇ ಕಾಳು ತಪ್ಪಲದ ಭಜ್ಜಿ ಬಡಿಸಿದಳು. ಮತ್ತ ಯಾವಾಗ ಬರ್ತಿ ಅಂತ ಕೇಳೋ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ, ಆಕಿನೂ ಹೇಳಲಿಲ್ಲ. ಗಾಡಿ ಬಂದಾಗ ಪ್ರಣಿತಾಗ "ಅಜ್ಜನ ಕಾಲಿಗಿ ಬೀಳು" ಅಂದಳು. ಹುಡುಗಿ ಬಿದ್ದು ಎದ್ದಳು. ಇವರು ಬೊಗ್ಗಿ, ಕೂಸುಗೋಳನ್ನ ಎತ್ತತಾರಲ್ಲ ಹಂಗ, ಆಕಿ ಎರಡೂ ಕಂಕಳಾಗ ಕೈ ಹಾಕಿದ್ರು. ಒಂದು ಸಲ ಎತ್ತಿ ನೋಡಿದ್ರು, ಎರಡು ಸಲ ಎತ್ತಿ ನೋಡಿದ್ರು. ಹುಡುಗಿ ಅಷ್ಟು ದೊಡ್ಡಾಕಿ ಆಗಿದ್ಲು, ಎತ್ತಾಕ ಬರಲಿಲ್ಲ.